ಉಪ್ಪುನೀರು, ಬೆವರು ಮತ್ತು ಇಸಿಜಿ ಬನಿಯನ್

(ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಕತ್ತರಿಸಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈಗ ಮುಂದಿನ ಸಾಲಿನಿಂದ ಒಂದು ಬನಿಯನ್ ಕೈಯಿಂದ ಕೈಗೆ ಬರುತ್ತದೆ. ಒಗೆದದ್ದೇ, ಹೆದರಬೇಡಿ. ಒಳಗಡೆ ತಿರುಗಿಸಿ ನೋಡಿ. ಎದೆಯ ಕೆಳಭಾಗದಲ್ಲಿ ಬೂದು ಬಣ್ಣದ ಎರಡು ಪಟ್ಟಿ ಇವೆ. ಬೆರಳಲ್ಲಿ ಸವರಿದರೆ ಬಟ್ಟೆಯ ಹಾಗೇ ಇದೆ, ಅಲ್ವಾ? ಅದು ಬಟ್ಟೆಯೇ. ನೈಲಾನ್ ನೂಲಿಗೆ ಬೆಳ್ಳಿಯ ತೆಳುವಾದ ಲೇಪ ಕೊಟ್ಟು, ಆ ನೂಲಿನಲ್ಲಿ ಹೆಣೆದದ್ದು. ಇಸಿಜಿ, ಅಂದರೆ ಹೃದಯದ ವಿದ್ಯುತ್ತಿನ ಗೆರೆ, ತೆಗೆಯಲು ಚರ್ಮಕ್ಕೆ ತಾಗಿಸುವ ಎಲೆಕ್ಟ್ರೋಡ್ ಅಂದರೆ ಇಲ್ಲಿ ಈ ಪಟ್ಟಿಗಳೇ. ಪಕ್ಕದ ಪ್ರೆಸ್ ಬಟನ್‌ಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿದರೆ ಎದೆಬಡಿತದ ಗೆರೆ ಮೊಬೈಲಿನಲ್ಲಿ ಓಡುತ್ತದೆ.

ಇದನ್ನು ತೋರಿಸಿದ ಕೂಡಲೇ ಎಲ್ಲರೂ ಡಬ್ಬಿಯ ಬಗ್ಗೆ ಕೇಳುತ್ತಾರೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬ್ಲೂಟೂತ್ ಇದೆಯಾ, ಎಐ ಇದೆಯಾ. ನಾನು ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಕೆಲಸ ಬಹುಪಾಲು ಮುಗಿದಿದೆ. ಇನ್ನೂ ಬಗೆಹರಿಯದ ಜಗಳ ಇರುವುದು ಚರ್ಮಕ್ಕೂ ಬಟ್ಟೆಗೂ ನಡುವೆ. ಆ ಜಗಳ ನೂರು ವರ್ಷಕ್ಕಿಂತ ಹಳೆಯದು.

1887ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಗಸ್ಟಸ್ ವಾಲರ್ ಅನ್ನುವವರು ಮನುಷ್ಯನ ಹೃದಯದ ವಿದ್ಯುತ್ತನ್ನು ಮೈ ಕೊಯ್ಯದೆ, ಹೊರಗಿನಿಂದಲೇ ಮೊದಲ ಸಲ ದಾಖಲಿಸಿದರು. ಅವರ ಹತ್ತಿರ ಜಿಮ್ಮಿ ಅಂತ ಒಂದು ಬುಲ್‌ಡಾಗ್ ಇತ್ತು. ಸಭೆಗಳಲ್ಲಿ ಅದರ ಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಅದರ ಎದೆಬಡಿತ ತೋರಿಸುತ್ತಿದ್ದರು. ಇದು ಪ್ರಾಣಿಹಿಂಸೆ ಅಂತ 1909ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಸಮುದ್ರದ ನೀರಲ್ಲಿ ಕಾಲಾಡಿಸಿದವರಿಗೆ ಈ ಹಿಂಸೆ ಎಂಥದ್ದು ಅಂತ ಗೊತ್ತಿರುತ್ತದೆ ಅನ್ನುವ ಅರ್ಥದ ಉತ್ತರ ಕೊಟ್ಟು ಮಂತ್ರಿಗಳು ಕೂತರು.

ಆಮೇಲೆ ಹಾಲೆಂಡಿನ ಲೈಡನ್‌ನಲ್ಲಿ ವಿಲೆಮ್ ಐಂಥೋವನ್. ಇಸಿಜಿಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರಿಟ್ಟವರು ಅವರು. 1924ರಲ್ಲಿ ನೊಬೆಲ್ ಬಂತು. ಅವರ ಯಂತ್ರದ ತೂಕ ಸುಮಾರು 270 ಕಿಲೋ, ಅದನ್ನು ನಡೆಸಲು ಐದು ಜನ ಬೇಕಿತ್ತು. ಹಳೆಯ ಫೋಟೋದಲ್ಲಿ ರೋಗಿ ಎರಡು ಕೈ, ಒಂದು ಕಾಲನ್ನು ಮೂರು ಪಾತ್ರೆಗಳಲ್ಲಿ ಇಳಿಬಿಟ್ಟು ಕೂತಿರುತ್ತಾರೆ. ಆ ಪಾತ್ರೆಗಳಲ್ಲೂ ಇದ್ದದ್ದು ಉಪ್ಪುನೀರು.

ಉಪ್ಪುನೀರು ಯಾಕೆ ಅಂದರೆ, ನಮ್ಮ ಮೈಯೊಳಗೆ ವಿದ್ಯುತ್ತನ್ನು ಹೊರುವುದು ಸೋಡಿಯಂ, ಕ್ಲೋರೈಡ್‌ನಂಥ ಅಯಾನುಗಳು, ಅಂದರೆ ನೀರಲ್ಲಿ ಕರಗಿದ ಉಪ್ಪಿನ ವಿದ್ಯುತ್ ಕಣಗಳು. ತಂತಿಯೊಳಗೆ ಹೊರುವುದು ಎಲೆಕ್ಟ್ರಾನುಗಳು. ಇಬ್ಬರೂ ಒಂದು ಗಡಿಯಲ್ಲಿ ಸೇರಿ ಕೊಡುಕೊಳ್ಳುವಿಕೆ ನಡೆಸಬೇಕು. ಆ ಗಡಿಯಲ್ಲಿ ಅಡ್ಡ ನಿಂತಿರುವುದು ನಮ್ಮ ಚರ್ಮದ ಹೊರಪದರ. ಅದು ಸತ್ತ ಜೀವಕೋಶಗಳ ಒಣ ಪದರ, ವಿದ್ಯುತ್ತನ್ನು ಸುಲಭವಾಗಿ ಬಿಡುವುದಿಲ್ಲ. ಅದನ್ನು ನೆನೆಸಿದರೆ ದಾರಿ ತೆರೆಯುತ್ತದೆ. ಇವತ್ತು ಆಸ್ಪತ್ರೆಯಲ್ಲಿ ಎದೆಗೆ ಅಂಟಿಸುವ ಬಿಲ್ಲೆಯ ಮಧ್ಯೆ ತಣ್ಣಗೆ, ಜಿಗುಟಾಗಿ ಒಂದು ಜೆಲ್ ಇರುತ್ತದಲ್ಲ, ಅದರೊಳಗೂ ಉಪ್ಪಿನಂಶವೇ ಇದೆ. ಐಂಥೋವನ್ ಅವರ ಪಾತ್ರೆ ಕುಗ್ಗಿ ಕುಗ್ಗಿ ಒಂದು ಬಿಲ್ಲೆಯಾಗಿದೆ, ಅಷ್ಟೇ.

ಈಗ ಅಳತೆಗೆ ಬರೋಣ. ಎದೆಯ ಚರ್ಮದ ಮೇಲೆ ಸಿಗುವ ಇಸಿಜಿ ಸಿಗ್ನಲ್ ಸುಮಾರು ಒಂದು ಮಿಲಿವೋಲ್ಟ್. ಟಾರ್ಚ್ ಸೆಲ್ಲಿನ ಒಂದೂವರೆ ವೋಲ್ಟನ್ನು ಸಾವಿರದ ಐನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಎಲೆಕ್ಟ್ರೋಡ್ ಮತ್ತು ಉಪ್ಪುನೀರು ಸೇರಿದ ಕಡೆ ತನ್ನಷ್ಟಕ್ಕೇ ಹುಟ್ಟುವ ವೋಲ್ಟೇಜು ಇದಕ್ಕಿಂತ ನೂರಾರು ಪಟ್ಟು ದೊಡ್ಡದು. ಅದು ಅಲುಗಾಡದೆ ಇದ್ದರೆ ತೊಂದರೆ ಇಲ್ಲ, ಕಳೆದು ಬಿಡಬಹುದು. ಎಲೆಕ್ಟ್ರೋಡ್ ಚರ್ಮದ ಮೇಲೆ ಕೂದಲೆಳೆಯಷ್ಟು ಜಾರಿದರೂ ಅದು ಏರಿಳಿಯುತ್ತದೆ, ಹೃದಯದ ಗೆರೆ ಅದರಲ್ಲಿ ಮುಳುಗಿ ಹೋಗುತ್ತದೆ. ಜೊತೆಗೆ ಮನೆಯ ವೈರಿಂಗ್‌ನಿಂದ ಬರುವ 50 ಹರ್ಟ್ಸ್ ಗದ್ದಲ, ತೋಳು ಎತ್ತಿದಾಗ ಸ್ನಾಯುಗಳ ಗದ್ದಲ, ಉಸಿರಾಡಿದಾಗ ಗೆರೆಯೇ ಮೇಲೆ ಕೆಳಗೆ ತೇಲುವುದು. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವಾಗ "ಅಲ್ಲಾಡಬೇಡಿ, ಮಾತಾಡಬೇಡಿ" ಅನ್ನುವುದು ಇದಕ್ಕೇ. ನಾವು ಬನಿಯನ್ ಹಾಕಿಸಿ "ಅಲ್ಲಾಡಿ, ಮಾತಾಡಿ, ಮೆಟ್ಟಿಲು ಹತ್ತಿ, ಆದರೂ ಇಸಿಜಿ ಬರಲಿ" ಅನ್ನುತ್ತಿದ್ದೇವೆ. ಆಸೆ ಸ್ವಲ್ಪ ಜಾಸ್ತಿಯೇ.

ಈ ಆಸೆ ಮೊದಲು ಪಟ್ಟವರು ಅಮೆರಿಕದ ಮೊಂಟಾನಾ ರಾಜ್ಯದ ನಾರ್ಮನ್ ಹೋಲ್ಟರ್. 1940ರ ದಶಕದ ಕೊನೆಯಲ್ಲಿ ಅವರು ಬೆನ್ನಿಗೆ ಸುಮಾರು 38 ಕಿಲೋ ತೂಕದ ರೇಡಿಯೋ ಸಲಕರಣೆ ಕಟ್ಟಿಕೊಂಡು ಸೈಕಲ್ ತುಳಿದು ತೋರಿಸಿದರು. ಇವತ್ತು ಡಾಕ್ಟರು "ಒಂದು ದಿನ ಹೋಲ್ಟರ್ ಹಾಕೋಣ" ಅನ್ನುವುದು ಅವರ ಹೆಸರನ್ನೇ. ಯಂತ್ರ ಈಗ ಅಂಗೈ ಅಗಲಕ್ಕೆ ಬಂದಿದೆ. ಅಂಟಿಸುವ ಬಿಲ್ಲೆ ಮಾತ್ರ ಹಾಗೇ ಉಳಿದಿದೆ. ಎರಡು ದಿನಕ್ಕೆ ಜೆಲ್ ಒಣಗುತ್ತದೆ. ಅಂಟು ತುರಿಸುತ್ತದೆ, ಕೆಲವರಿಗೆ ಗುಳ್ಳೆ ಏಳುತ್ತದೆ. ಸ್ನಾನ ಮಾಡುವ ಹಾಗಿಲ್ಲ. ತಿಂಗಳಿಗೊಮ್ಮೆ ಎದೆ ಡವಗುಟ್ಟಿ ತಲೆ ಸುತ್ತುವವರಿಗೆ ಹೋಲ್ಟರ್ ಹಾಕಿದ ಆ ಒಂದು ದಿನವೇ ಅದು ಬರಬೇಕಲ್ಲ? ಸಾಮಾನ್ಯವಾಗಿ ಬರುವುದಿಲ್ಲ. ಬಟ್ಟೆಯಲ್ಲಿ ಎಲೆಕ್ಟ್ರೋಡ್ ನೇಯುವ ಯೋಚನೆಗೆ ನಿಜವಾದ ಕಾರಣ ಇದು. ತಿಂಗಳುಗಟ್ಟಲೆ, ದಿನಾ, ಗಮನಕ್ಕೇ ಬಾರದ ಹಾಗೆ ಹಾಕಿಕೊಳ್ಳಬಹುದಾದದ್ದು ಬಟ್ಟೆ ಮಾತ್ರ.

ಲೋಹವನ್ನು ನೂಲಾಗಿಸುವುದು ನಮ್ಮ ಜನಕ್ಕೆ ಹೊಸದೇನಲ್ಲ. ಇಲ್ಲಿ ಅಮ್ಮಂದಿರು ಉಟ್ಟಿರುವ ಮೈಸೂರು ಸಿಲ್ಕಿನ ಅಂಚು ನೋಡಿ. ಅಸಲಿ ಜರಿ ಅಂದರೆ ಬೆಳ್ಳಿ ತಂತಿಯನ್ನು ಚಪ್ಪಟೆ ಮಾಡಿ, ರೇಷ್ಮೆ ಎಳೆಗೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಅದು ವಿದ್ಯುತ್ ಹರಿಸುತ್ತದೆ. 1990ರ ದಶಕದಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ರೆಮಿ ಪೋಸ್ಟ್ ಮತ್ತು ಮ್ಯಾಗಿ ಆರ್ತ್ ಬಟ್ಟೆಯಲ್ಲೇ ಸರ್ಕ್ಯೂಟ್ ಮಾಡಲು ಹೊರಟಾಗ ಕೈಗೆ ತೆಗೆದುಕೊಂಡದ್ದು ರೇಷ್ಮೆ ಆರ್ಗಂಜಾ ಬಟ್ಟೆಯನ್ನು. ಹಾಸಿನಲ್ಲಿ ಬರೀ ರೇಷ್ಮೆ, ಹೊಕ್ಕಿನಲ್ಲಿ ತಾಮ್ರದ ತೆಳು ಹಾಳೆ ಸುತ್ತಿದ ರೇಷ್ಮೆ. ಭಾರತದಲ್ಲಿ ಬಹಳ ಕಾಲದಿಂದ ನೇಯುತ್ತಾ ಬಂದಿರುವ ಬಗೆ ಅದು. ಹಾಗಂತ ಸೀರೆ ಉಟ್ಟರೆ ಇಸಿಜಿ ಬರುತ್ತದೆ ಅಂದುಕೊಳ್ಳಬೇಡಿ. ಸೀರೆ ಮೈಗೆ ಒತ್ತಿ ಕೂರುವುದಿಲ್ಲ. ನೇಯ್ದ ಬಟ್ಟೆ ಹಿಗ್ಗುವುದೂ ಇಲ್ಲ. ಬನಿಯನ್ನಿನ ಹಾಗೆ ಹೆಣೆದ ಬಟ್ಟೆ ಬೇಕು.

ಇಡೀ ಅಂಗಿಯನ್ನೇ ಯಂತ್ರ ಮಾಡುವ ದೊಡ್ಡ ಪ್ರಯತ್ನ ಶುರುವಾದದ್ದು 1996ರಲ್ಲಿ, ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ. ಭಾರತ ಮೂಲದ ಸುಂದರೇಶನ್ ಜಯರಾಮನ್ ಮತ್ತು ಸಂಗ್ಮೀ ಪಾರ್ಕ್ ಅದರ ಹಿಂದೆ ಇದ್ದವರು. ದುಡ್ಡು ಅಲ್ಲಿನ ನೌಕಾಪಡೆಯದು. ಉದ್ದೇಶ ಹೃದ್ರೋಗವಲ್ಲ, ಗುಂಡೇಟು ತಿಂದ ಸೈನಿಕ. ಅಂಗಿಯಲ್ಲಿ ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಹರಿಸುವ ಎಳೆ, ನೇಯ್ದಿದ್ದರು, ಗುಂಡು ಹೊಕ್ಕು ಎಳೆ ತುಂಡಾದರೆ ಎಲ್ಲಿ ಏಟು ಬಿತ್ತು ಅಂತ ತಿಳಿಯುತ್ತಿತ್ತು. ನಾಡಿ, ಉಸಿರಾಟದ ಸೆನ್ಸರುಗಳನ್ನೂ ಅದಕ್ಕೇ ಸಿಕ್ಕಿಸಬಹುದಿತ್ತು. ಆಮೇಲೆ ಯುರೋಪಿನಲ್ಲಿ, ಜಪಾನಿನಲ್ಲಿ ಬೇರೆ ಬೇರೆ ದಾರಿ ಹಿಡಿದರು. ಜಪಾನಿನ ಎನ್‌ಟಿಟಿ ಸಂಸ್ಥೆಯವರು ಮೊದಲು ರೇಷ್ಮೆ ಎಳೆಗೇ ವಿದ್ಯುತ್ ಹರಿಸುವ ಪಾಲಿಮರ್ ಲೇಪಿಸಿ ನೋಡಿದರು. 2014ರಲ್ಲಿ ಟೋರೇ ಕಂಪನಿಯ ಜೊತೆ ಸೇರಿ ಪಾಲಿಯೆಸ್ಟರಿನ ಅತಿ ಸಣ್ಣ ನಾರಿಗೆ ಅದೇ ಪಾಲಿಮರ್ ಹಿಡಿಸಿ 'ಹಿತೋಎ' ಅನ್ನುವ ಬಟ್ಟೆ ತಂದರು. ನಾರು ಸಣ್ಣದಾದಷ್ಟೂ ಚರ್ಮಕ್ಕೆ ತಾಗುವ ಜಾಗ ಹೆಚ್ಚುತ್ತದೆ. ಪ್ಲಾಸ್ಟಿಕ್ ಜಾತಿಯ ವಸ್ತು ವಿದ್ಯುತ್ ಹರಿಸಬಲ್ಲದು ಅಂತ ತೋರಿಸಿದ ಹೀಗರ್, ಮ್ಯಾಕ್‌ಡಿಯಾರ್ಮಿಡ್, ಶಿರಾಕಾವಾ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು. ಆ ಸಾಲಿನದೇ ವಸ್ತು ಇದು. ಮಾಂಟ್ರಿಯಲ್‌ನ ಹೆಕ್ಸೋಸ್ಕಿನ್ ಕಂಪನಿಯ ಅಂಗಿಯಿಂದ ಬೆಳೆದ 'ಬಯೋ-ಮಾನಿಟರ್' ಅಂತರಿಕ್ಷ ನಿಲ್ದಾಣಕ್ಕೇ ಹೋಯಿತು. ಕೆನಡಾದ ಗಗನಯಾತ್ರಿ ಡೇವಿಡ್ ಸೇಂಟ್-ಜಾಕ್ 2019ರಲ್ಲಿ ಅದನ್ನು ತೊಟ್ಟು ನೋಡಿದರು.

ಅಂತರಿಕ್ಷಕ್ಕೆ ಹೋದದ್ದು ನಮ್ಮ ಬೀದಿಗೆ ಯಾಕೆ ಬಂದಿಲ್ಲ? ಇಲ್ಲಿಂದ ನನ್ನ ನಿಜವಾದ ವಿಷಯ.

ಬಟ್ಟೆ ಎಲೆಕ್ಟ್ರೋಡ್‌ನಲ್ಲಿ ಜೆಲ್ ಇಲ್ಲ. ಜೆಲ್ಲಿನ ಕೆಲಸ ಬೆವರು ಮಾಡಬೇಕು. ಬೆವರೂ ಉಪ್ಪುನೀರೇ ತಾನೆ. ಹಾಗಾಗಿ ಹಾಕಿದ ಕೂಡಲೇ ಗೆರೆ ಕೆಟ್ಟದಾಗಿ ಬರುತ್ತದೆ. ಸ್ವಲ್ಪ ಹೊತ್ತು ಓಡಾಡಿ ಬಟ್ಟೆಯ ಕೆಳಗೆ ಪಸೆ ಕೂಡಿದ ಮೇಲೆ ಚೆನ್ನಾಗುತ್ತದೆ. ಎಸಿ ಲ್ಯಾಬಿನಲ್ಲಿ ಕೈಕೊಟ್ಟ ಬನಿಯನ್ ಮಂಗಳೂರಿನ ಸೆಕೆಯಲ್ಲಿ ಸೊಗಸಾಗಿ ಕೆಲಸ ಮಾಡಬಹುದು. ಬೆವರು ಅತಿಯಾಗಿ ಎರಡು ಪಟ್ಟಿಗಳ ನಡುವಿನ ಬಟ್ಟೆಯೂ ತೊಯ್ದರೆ ಎರಡೂ ಒಂದಾಗಿ ಮತ್ತೆ ಸಿಗ್ನಲ್ ಬೀಳುತ್ತದೆ. ಓಟಗಾರರು ಎದೆಗೆ ಕಟ್ಟುವ ಪಟ್ಟಿ ನೋಡಿದ್ದೀರಲ್ಲ? ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ವೈರಿಲ್ಲದ ಹೃದಯಬಡಿತ ಮಾಪಕ ಮಾರಿತು. ಇವತ್ತಿಗೂ ಇಂಥ ಪಟ್ಟಿಗಳನ್ನು ಕಟ್ಟುವ ಮೊದಲು ಒಳಬದಿಯನ್ನು ನೀರಲ್ಲಿ ಒದ್ದೆ ಮಾಡಿ ಅನ್ನುತ್ತಾರೆ. ನೋಡಿ, ಜಿಮ್ಮಿಯ ಪಾತ್ರೆಯಿಂದ ನಾವು ಬಹಳ ದೂರವೇನೂ ಬಂದಿಲ್ಲ.

ಎರಡನೆಯದು ಬಿಗಿ. ಎಲೆಕ್ಟ್ರೋಡ್ ಜಾರಬಾರದು ಅಂದರೆ ಬಟ್ಟೆ ಮೈಗೆ ಒತ್ತಿರಬೇಕು. ಜಾಸ್ತಿ ಬಿಗಿಯಾದರೆ ಉಸಿರು ಕಟ್ಟುತ್ತದೆ, ಮಧ್ಯಾಹ್ನ ಊಟ ಆದ ಮೇಲೆ ಬಿಚ್ಚಿ ಎಸೆಯುತ್ತಾರೆ. ಎಲೆಕ್ಟ್ರೋಡಿನ ಹಿಂದೆ ಮಾತ್ರ ಸ್ಪಂಜಿನ ತುಂಡು ಇಟ್ಟು, ಆ ಜಾಗವನ್ನಷ್ಟೇ ಒತ್ತುವ ಹಾಗೆ ಮಾಡುವುದು ಒಂದು ಉಪಾಯ. ಆದರೆ ಎಲ್ಲರ ಎದೆಯೂ ಒಂದೇ ಆಕಾರವಲ್ಲ. ಎಸ್, ಎಂ, ಎಲ್ ಅಂತ ಮೂರು ಸೈಜು ಮಾಡಿ ಮಾರಿದರೆ ಅರ್ಧ ಜನಕ್ಕೆ ಸಡಿಲ, ಉಳಿದವರಿಗೆ ಬಿಗಿ. ಹೆಂಗಸರ ವಿಷಯವಂತೂ ಇನ್ನೂ ಹಿಂದೆ ಇದೆ. ಗಂಡಸರ ಎದೆಗೆ ಅಂತ ಮಾಡಿದ ವಿನ್ಯಾಸವನ್ನೇ ಸ್ವಲ್ಪ ಕತ್ತರಿಸಿ ಕೊಟ್ಟರೆ ಆಗುವುದಿಲ್ಲ. ನನ್ನನ್ನು ಕೇಳಿದರೆ, ನಮ್ಮಲ್ಲಿ ಇದಕ್ಕೆ ಒಳ್ಳೆಯ ಜಾಗ ರವಿಕೆ. ಅಳತೆ ಕೊಟ್ಟು ಹೊಲಿಸುವ ಬಟ್ಟೆ ಅದು. ಎದೆಯ ಕೆಳಗೆ ಪಟ್ಟಿ ಬಿಗಿಯಾಗಿ ಕೂರುತ್ತದೆ, ದಿನವಿಡೀ ಹಾಕಿಕೊಂಡಿರುತ್ತಾರೆ, ಯಾರಿಗೂ ಅದು ವೈದ್ಯಕೀಯ ಸಲಕರಣೆ ಅನ್ನಿಸುವುದಿಲ್ಲ. ಊರಿನ ಟೈಲರ್ ಅಕ್ಕನಿಗೆ ಇರುವ ಎದೆಯಳತೆಯ ತಿಳಿವಳಿಕೆ ಎಷ್ಟೋ ಎಂಜಿನಿಯರಿಂಗ್ ತಂಡಗಳಿಗೆ ಇಲ್ಲ. ಇಂಥ ತಂಡದಲ್ಲಿ ಮೊದಲ ದಿನದಿಂದಲೇ ಒಬ್ಬ ಟೈಲರ್ ಇರಬೇಕು ಅಂತ ನಾನು ಹೇಳಿದರೆ ಜನ ತಮಾಷೆ ಅಂದುಕೊಳ್ಳುತ್ತಾರೆ. ನಾನು ತಮಾಷೆ ಮಾಡುತ್ತಿಲ್ಲ.

ಮೂರನೆಯದು ಒಗೆತ. ಬೆಳ್ಳಿ ಲೇಪ ಉಜ್ಜಿದಂತೆ ಸವೆಯುತ್ತದೆ, ಬ್ಲೀಚ್ ತಾಗಿದರೆ ಕಪ್ಪಾಗುತ್ತದೆ. ಎಲ್ಲಕ್ಕಿಂತ ಬೇಗ ಸೋಲುವುದು ಮೆತ್ತಗಿನ ಬಟ್ಟೆ ಗಟ್ಟಿ ಲೋಹಕ್ಕೆ ಸೇರುವ ಜಾಗ, ಅಂದರೆ ಆ ಪ್ರೆಸ್ ಬಟನ್. ಬಟ್ಟೆ ಬಾಗುತ್ತದೆ, ಬಟನ್ ಬಾಗುವುದಿಲ್ಲ, ಮಧ್ಯದ ಎಳೆ ತುಂಡಾಗುತ್ತದೆ. ಕಂಪನಿಗಳು 'ಇಷ್ಟು ಒಗೆತಕ್ಕೆ ಗ್ಯಾರಂಟಿ' ಅಂತ ಬರೆಯುತ್ತವೆ. ಬಟ್ಟೆಯ ಪರೀಕ್ಷೆಗೆ ಐಎಸ್‌ಒ 6330 ಅಂತ ಒಂದು ಅಂತರರಾಷ್ಟ್ರೀಯ ವಿಧಾನ ಇದೆ. ಅದು ವಾಷಿಂಗ್ ಮಷಿನ್ನಿನ ಒಗೆತ. ನಮ್ಮ ಮನೆಗಳ ಹಿತ್ತಲಿನ ಒಗೆಯುವ ಕಲ್ಲು, ಬ್ರಷ್ಷು, ಹಿಂಡಿ ಕೊಡವುವುದು, ಇವೆಲ್ಲ ಆ ಪರೀಕ್ಷೆಯಲ್ಲಿ ಇಲ್ಲ. ಈ ದೇಶದಲ್ಲಿ ಮಾರುವ ಬಟ್ಟೆ ಕಲ್ಲಿನ ಪರೀಕ್ಷೆಯಲ್ಲೂ ಪಾಸಾಗಲಿ ಅನ್ನುವುದು ನನ್ನ ಹಟ.

ಸರಿ, ಬಿಗಿ ಕೂತಿತು, ಒಗೆದರೂ ಉಳಿಯಿತು ಅಂದುಕೊಳ್ಳೋಣ. ಆಗ ಈ ಬನಿಯನ್ ಏನು ಹೇಳುತ್ತದೆ? ಲಯವನ್ನು ಹೇಳುತ್ತದೆ. ಬಡಿತ ವೇಗವೇ, ನಿಧಾನವೇ, ನಡುವೆ ತಪ್ಪುತ್ತಿದೆಯೇ, ನಿಲ್ಲುತ್ತಿದೆಯೇ. ಮುಖ್ಯವಾಗಿ ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಕಂಪಿಸುವುದು. ಆಗ ಅಲ್ಲಿ ರಕ್ತ ನಿಂತು ಗಡ್ಡೆ ಕಟ್ಟಬಹುದು, ಗಡ್ಡೆ ಮಿದುಳಿಗೆ ಹೋದರೆ ಲಕ್ವ. ಬಹಳ ಜನಕ್ಕೆ ಇದು ಬಂದುಹೋಗುವುದೇ ಗೊತ್ತಾಗುವುದಿಲ್ಲ.

ಹಾರ್ಟ್ ಅಟ್ಯಾಕ್ ಬರುವುದನ್ನು ಇದು ಮೊದಲೇ ಹೇಳುತ್ತದಾ? ಇಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳಬೇಕು. ಹಾರ್ಟ್ ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅದನ್ನು ಹಿಡಿಯಲು ಡಾಕ್ಟರು ಹನ್ನೆರಡು ಲೀಡಿನ ಇಸಿಜಿ ತೆಗೆಯುತ್ತಾರೆ, ಅಂದರೆ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುತ್ತಾರೆ. ಎರಡು ಪಟ್ಟಿಯ ಬನಿಯನ್ ನೋಡುವುದು ಒಂದೇ ಕೋನದಿಂದ. ನಾಳದಲ್ಲಿ ಅರ್ಧ ಕಟ್ಟಿಕೊಂಡವರ ಇಸಿಜಿ ಆರಾಮಾಗಿ ಕೂತಾಗ ಹನ್ನೆರಡು ಲೀಡಿನಲ್ಲೂ ಸರಿಯಾಗೇ ಕಾಣಬಹುದು. 2025ರಲ್ಲಿ ಹಾಸನದಲ್ಲಿ ಒಂದರ ಹಿಂದೆ ಒಂದು ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಹೇಗೆ ಸಾಲುಗಟ್ಟಿದರು, ನೆನಪಿದೆಯಲ್ಲ? ಅಂಥ ಭಯದ ಹೊತ್ತಲ್ಲಿ 'ಇದನ್ನು ಹಾಕಿಕೊಂಡರೆ ನಿಶ್ಚಿಂತೆ' ಅಂತ ಮಾರುವವರು ಬಂದೇ ಬರುತ್ತಾರೆ. ಎದೆ ನೋವು ಬಂದರೆ ಮೊಬೈಲಿನ ಗೆರೆ ನೋಡುತ್ತಾ ಕೂರಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಬೇಕಾದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡಿಸುವ ವ್ಯವಸ್ಥೆ ಇದೆ. ಬನಿಯನ್ ಇರಲಿ, ಇಲ್ಲದಿರಲಿ, ಅಲ್ಲಿಗೆ ಓಡಿ.

ಬಟ್ಟೆ ಬರೀ ಅಳೆಯದೆ ಚಿಕಿತ್ಸೆಯನ್ನೂ ಕೊಡುವ ಒಂದು ಉದಾಹರಣೆ ಇದೆ. ಲೈಫ್‌ವೆಸ್ಟ್ ಅಂತ. ಬಡಿತ ಪ್ರಾಣಾಪಾಯದ ಮಟ್ಟಕ್ಕೆ ತಾಳ ತಪ್ಪಿದರೆ ಅಂಗಿಯೇ ಶಾಕ್ ಕೊಡುತ್ತದೆ. ಇದರ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ಹಾರ್ಟ್ ಅಟ್ಯಾಕ್ ಆಗಿ, ಹೃದಯದ ಪಂಪಿನ ಬಲ ಬಹಳ ಕುಗ್ಗಿದ್ದ 2,302 ಜನ ಅದರಲ್ಲಿದ್ದರು. ಲಯ ತಪ್ಪಿ ಸತ್ತವರು ಅಂಗಿ ಕೊಟ್ಟವರಲ್ಲಿ ಶೇಕಡಾ 1.6, ಕೊಡದವರಲ್ಲಿ 2.4. ಈ ವ್ಯತ್ಯಾಸ ಅಂಗಿಯಿಂದಲೇ ಆದದ್ದು ಅಂತ ಸಂಖ್ಯಾಶಾಸ್ತ್ರದ ಪ್ರಕಾರ ಹೇಳುವ ಹಾಗಿರಲಿಲ್ಲ. ನನ್ನ ಕಣ್ಣು ನಿಂತದ್ದು ಇನ್ನೊಂದು ಸಂಖ್ಯೆಯ ಮೇಲೆ. ಅಂಗಿ ಕೊಟ್ಟ ಗುಂಪಿನಲ್ಲಿ ಒಟ್ಟು 48 ಜನ ತೀರಿಕೊಂಡರು. ಸಾಯುವ ಹೊತ್ತಲ್ಲಿ ಅಂಗಿ ಮೈಮೇಲಿದ್ದದ್ದು ಅವರಲ್ಲಿ 12 ಜನಕ್ಕೆ ಮಾತ್ರ. ಉಳಿದವರ ಮೈಮೇಲೆ ಅದು ಇರಲಿಲ್ಲ. ಸೆಕೆ, ತುರಿಕೆ, ಭಾರ, ಸುಳ್ಳು ಅಲಾರಂ, ಇಂಥ ಸಣ್ಣ ಸಣ್ಣ ಕಿರಿಕಿರಿಯೇ ಸಾಕು ಬಿಚ್ಚಿಡಲು. ನಾನು ಇಷ್ಟು ಹೊತ್ತು ಬೆವರು, ಬಿಗಿ, ಒಗೆತ ಅಂತ ಗೊಣಗಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಹೆಚ್ಚು ಹೊತ್ತು ಅಳೆದ ಮಾತ್ರಕ್ಕೆ ಒಳ್ಳೆಯದಾಗುತ್ತದೆ ಅಂತಲೂ ಇಲ್ಲ. ಡೆನ್ಮಾರ್ಕಿನ ಲೂಪ್ ಅಧ್ಯಯನದಲ್ಲಿ 70 ದಾಟಿದ, ಬಿಪಿ, ಶುಗರ್‌ನಂಥ ತೊಂದರೆ ಇದ್ದ 6,004 ಜನರಲ್ಲಿ ಕೆಲವರ ಚರ್ಮದ ಕೆಳಗೇ ಒಂದು ಪುಟ್ಟ ಇಸಿಜಿ ಯಂತ್ರ ಇಟ್ಟರು. ಬಿಚ್ಚಿಡುವ ಪ್ರಶ್ನೆಯೇ ಇಲ್ಲ. ಏಟ್ರಿಯಲ್ ಫಿಬ್ರಿಲೇಶನ್ ಸಿಕ್ಕಿದ್ದು ಶೇಕಡಾ 31.8 ಜನಕ್ಕೆ. ಯಂತ್ರ ಇಲ್ಲದವರಲ್ಲಿ 12.2. ಪತ್ತೆ ಎರಡೂವರೆ ಪಟ್ಟು ಹೆಚ್ಚಿತು. ಲಕ್ವ ಮಾತ್ರ ಖಚಿತವಾಗಿ ಕಡಿಮೆ ಆಯಿತು ಅನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಇದು ಪ್ರಕಟವಾದಾಗ ನಮ್ಮಂಥವರು ಸ್ವಲ್ಪ ಸಪ್ಪಗಾದೆವು. ಒಂದೆರಡು ನಿಮಿಷ ಬಂದುಹೋಗುವ ಲಯದೋಷಕ್ಕೂ, ಗಂಟೆಗಟ್ಟಲೆ ಉಳಿಯುವುದಕ್ಕೂ ಒಂದೇ ತೂಕ ಕೊಡಬಾರದು ಅಂತ ಈಗ ಅನ್ನಿಸುತ್ತಿದೆ. ಹಾಗಾಗಿ ಆರೋಗ್ಯವಾಗಿರುವ ಎಲ್ಲರಿಗೂ ಇದನ್ನು ತೊಡಿಸಿ ಅಂತ ನಾನು ಹೇಳುವುದಿಲ್ಲ. ಕಾರಣ ತಿಳಿಯದೆ ತಲೆಸುತ್ತಿ ಬೀಳುವವರು, ಒಮ್ಮೆ ಲಕ್ವ ಆಗಿ ಮೂಲ ಸಿಗದವರು, ಆಪರೇಷನ್ ಆಗಿ ಮನೆಗೆ ಬಂದವರು, ಉರಿಬಿಸಿಲಲ್ಲಿ ಕೆಲಸ ಮಾಡುವವರು. ಅಲ್ಲಿ ಇದಕ್ಕೆ ಕೆಲಸ ಇದೆ.

ಇನ್ನು ನಿಮ್ಮ ಪ್ರಶ್ನೆಗಳು.

ಕೈಗಡಿಯಾರ ಇರುವಾಗ ಬನಿಯನ್ ಯಾಕೆ ಅಂತ ಒಬ್ಬರು ಕೇಳಿದರು.

ಒಳ್ಳೆಯ ಪ್ರಶ್ನೆ. ವಾಚಿನ ಹಿಂದೆ ಹಸಿರು ದೀಪ ಮಿನುಗುತ್ತದಲ್ಲ, ಅದು ರಕ್ತದ ಏರಿಳಿತವನ್ನು ಬೆಳಕಿನಿಂದ ಅಳೆಯುತ್ತದೆ. ಅದು ನಾಡಿ, ಇಸಿಜಿ ಅಲ್ಲ. ಕೆಲವು ವಾಚಿನಲ್ಲಿ ಇಸಿಜಿಯೂ ಇದೆ. ಆದರೆ ಇನ್ನೊಂದು ಕೈಯ ಬೆರಳು ಇಟ್ಟು ಅರ್ಧ ನಿಮಿಷ ಸುಮ್ನೆ ಕೂರಬೇಕು. ತಲೆಸುತ್ತಿ ಬೀಳುತ್ತಿರುವವರು ಬೆರಳು ಇಡುತ್ತಾರಾ? ಹಾಗಂತ ವಾಚನ್ನು ತೆಗೆದುಹಾಕುವ ಹಾಗೂ ಇಲ್ಲ. ಆಪಲ್ ವಾಚಿನ ಅಧ್ಯಯನದಲ್ಲಿ 4,19,297 ಜನ ಇದ್ದರು. ಲಯ ಸರಿಯಿಲ್ಲ ಅಂತ ಎಚ್ಚರಿಕೆ ಹೋದದ್ದು ಶೇಕಡಾ 0.52 ಜನಕ್ಕೆ. ಆಮೇಲೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿ ನೋಡಿದ 450 ಜನರಲ್ಲಿ ಶೇಕಡಾ 34 ಮಂದಿಗೆ ಏಟ್ರಿಯಲ್ ಫಿಬ್ರಿಲೇಶನ್ ಕಂಡಿತು. ಉಳಿದವರದ್ದು ಸುಳ್ಳು ಎಚ್ಚರಿಕೆ ಅನ್ನುವ ಹಾಗಿಲ್ಲ, ಬಂದು ಹೋಗುವ ತೊಂದರೆ ಅದು.

ಏನನ್ನೂ ತೊಡದೆ ಅಳೆಯಲು ಆಗುವುದಿಲ್ಲವಾ ಅಂತ ಮತ್ತೊಬ್ಬರು.

ಆಗುತ್ತದೆ. ಬೆಂಗಳೂರಿನ ಡೋಜಿ ಕಂಪನಿಯವರು ಹಾಸಿಗೆಯ ಕೆಳಗೆ ಹಾಕುವ ಒಂದು ಹಾಳೆ ಮಾಡಿದ್ದಾರೆ. ಹೃದಯ ಒಂದು ಸಲ ಬಡಿದಾಗ ಮೈ ಪೂರ್ತಿ ತುಸು ಅದುರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಆ ಅದುರುವಿಕೆಯಿಂದ ಬಡಿತ, ಉಸಿರಾಟ ಎಣಿಸುತ್ತಾರೆ. ಆಸ್ಪತ್ರೆಯ ವಾರ್ಡಿಗೆ ಇದು ಜಾಣತನದ ದಾರಿ. ಹಾಸಿಗೆಯಿಂದ ಎದ್ದು ಹೋದರೆ ಮುಗಿಯಿತು, ಮತ್ತು ಅದು ಇಸಿಜಿ ಅಲ್ಲ.

ನನ್ನ ಎದೆಬಡಿತದ ದಾಖಲೆ ವಿಮಾ ಕಂಪನಿಗೆ ಹೋದರೆ ಅಂತ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು.

ನ್ಯಾಯವಾದ ಭಯ. 2023ರಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ, ನಿಮ್ಮ ಒಪ್ಪಿಗೆ ಕೇಳಬೇಕು ಅನ್ನುತ್ತದೆ. ಆದರೆ ಆ್ಯಪ್ ಹಾಕುವಾಗ ನಾವೆಲ್ಲ ಓದದೆ 'ಒಪ್ಪಿದ್ದೇನೆ' ಒತ್ತುತ್ತೇವಲ್ಲ. ಡೇಟಾ ಮೊಬೈಲಿನಲ್ಲೇ ಉಳಿಯುತ್ತದಾ, ಹೊರಗೆ ಹೋಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಕೊಳ್ಳಬೇಡಿ.

ಕೊನೆಗೆ ಒಬ್ಬ ಅಮ್ಮ, ಇದನ್ನು ಒಗೆಯುವುದು ಹೇಗೆ ಅಂತ ಕೇಳಿದರು. ಇಡೀ ಸಂಜೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಅದು.

ಡಬ್ಬಿ ತೆಗೆದಿಡಿ. ತಣ್ಣೀರು, ಸೌಮ್ಯವಾದ ಸೋಪು, ಕೈಯಲ್ಲಿ ಅದ್ದಿ ಅದ್ದಿ ತೆಗೆಯಿರಿ. ಬ್ಲೀಚ್ ಬೇಡ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರೂ ಬೇಡ, ಅದು ಪಟ್ಟಿಯ ಮೇಲೆ ಪೊರೆ ಕಟ್ಟಿ ಸಿಗ್ನಲ್ ತಡೆಯುತ್ತದೆ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ನೆರಳಲ್ಲಿ ಒಣಗಿಸಿ. ಇಸ್ತ್ರಿ ಬೇಡ. ಬೆಳ್ಳಿ ಕಪ್ಪಾದರೆ ಗಾಬರಿ ಬೇಡ, ಗೆರೆ ಸರಿಯಾಗಿ ಬರುತ್ತಿರುವವರೆಗೆ ಬಳಸಿ. ಹುಣಿಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ.